ಆರಿಸಿ ಕೊಟ್ಟ ಮೇಷ್ಟರು: ಜನವರಿಯ ದಿನಚರಿಯ ಪುಟಗಳು

2026 ಜನವರಿ 1, ಗುರುವಾರ
ಜೆ.ಪಿ. ನಗರ

ಬಿ.ಟಿ.ಎಂ. ಲೇಔಟಿನ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಭಾನುವಾರದ ಕನ್ನಡ ಪಾಠಕ್ಕೆ ಒಂದು ಪದ್ಯಸಂಗ್ರಹ ಬೇಕಾಗಿದೆ. ಈ ತಿಂಗಳ ಕೊನೆಯೊಳಗೆ ಆರಿಸಿ ಕೊಟ್ಟರೆ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ, ಮಗುವಿಗೊಂದು ಪ್ರತಿ ಹಂಚುತ್ತೇವೆ ಎಂದು ಅಲ್ಲಿಯ ನಿವಾಸಿಗಳ ಸಂಘದವರು ಒಪ್ಪಿದ್ದಾರೆ. ಶಾಲೆಯಲ್ಲಿ ಇದ್ದಷ್ಟು ವರ್ಷವೂ ಪಠ್ಯಪುಸ್ತಕ ಸಮಿತಿಯವರು ಆರಿಸಿದ್ದನ್ನು ಪಾಠ ಮಾಡುತ್ತಿದ್ದೆವು. ಈಗ ಆರಿಸುವ ಕೆಲಸವೇ ನನ್ನ ಪಾಲಿಗೆ ಬಂದಿದೆ.

ಈ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಕೆಲವರ ಮನೆಯಲ್ಲಿ ತಮಿಳು, ತೆಲುಗು, ಹಿಂದಿ. ಶಾಲೆಯಲ್ಲಿ ಕನ್ನಡವೆಂದರೆ ವಾರದಲ್ಲಿ ಕೆಲವು ಪೀರಿಯಡ್ಡು, ಕೊನೆಯಲ್ಲಿ ಒಂದು ಪರೀಕ್ಷೆ. ಅಕ್ಷರ ಕೂಡಿಸಿ ಕೂಡಿಸಿ ಓದುವ ಮಗುವಿಗೆ ಮೊದಲು ಸಿಗುವ ಪದ್ಯ ಯಾವುದು ಎನ್ನುವುದರ ಮೇಲೆ ಎಷ್ಟೋ ನಿಂತಿದೆ. ಅದು ರುಚಿಸಿದರೆ ಮುಂದಿನದನ್ನು ತಾನೇ ಕೇಳುತ್ತದೆ. ರುಚಿಸದಿದ್ದರೆ ಕನ್ನಡವೆಂದರೆ ಇಷ್ಟೇ ಎಂದು ಪುಸ್ತಕ ಮುಚ್ಚುತ್ತದೆ, ಮತ್ತೆ ತೆರೆಸುವುದು ಬಹಳ ಕಷ್ಟ.

ಇಂಥ ಕೆಲಸವನ್ನು ಇಡೀ ನಾಡಿಗೆ ಮಾಡಿಕೊಟ್ಟ ಮೇಷ್ಟರೊಬ್ಬರು ನಮ್ಮಲ್ಲಿದ್ದರು. ಬಿ.ಎಂ. ಶ್ರೀಕಂಠಯ್ಯ, ಅಂದರೆ ಬಿ.ಎಂ.ಶ್ರೀ. ಕಾಲೇಜಿನಲ್ಲಿ ಅವರು ಹೇಳುತ್ತಿದ್ದುದು ಇಂಗ್ಲಿಷ್ ಪಾಠ, ಬದುಕಿದ್ದು ಕನ್ನಡಕ್ಕಾಗಿ. ಅವರು ಹುಟ್ಟಿದ್ದು ಜನವರಿ 3, ತೀರಿಕೊಂಡದ್ದು ಜನವರಿ 5. ಈ ತಿಂಗಳು ಅವರನ್ನು ಮತ್ತೆ ಓದುತ್ತೇನೆ. ಓದಿದ್ದು, ತೋಚಿದ್ದು ಇಲ್ಲಿ ಬರೆದಿಡುತ್ತೇನೆ.

ಜನವರಿ 3, ಶನಿವಾರ

ಮೆಟ್ರೊದಲ್ಲಿ ನ್ಯಾಷನಲ್ ಕಾಲೇಜ್ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಎನ್.ಆರ್. ಕಾಲೋನಿಗೆ ನಡೆದೆ. ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನ ಇರುವುದು ಅಲ್ಲೇ. 1979ರಲ್ಲಿ ಪ್ರೊ. ಎಂ.ವಿ. ಸೀತಾರಾಮಯ್ಯನವರು ಮುಂದೆ ನಿಂತು ಕಟ್ಟಿದ ಸಂಸ್ಥೆ. ಎಂ.ವಿ.ಸೀ. ಹಳಗನ್ನಡದ ವಿದ್ವಾಂಸರು, ಚಿತ್ರವನ್ನೂ ಬರೆಯುತ್ತಿದ್ದವರು. ಪುಸ್ತಕಗಳ ಜೊತೆಗೆ ಓಲೆಗರಿ, ಕೈಬರಹದ ಪ್ರತಿಗಳನ್ನೂ ಕಾಪಾಡಿಕೊಂಡು ಬಂದಿರುವ ಇಂಥ ಜಾಗ ದಕ್ಷಿಣ ಬೆಂಗಳೂರಿನಲ್ಲಿದೆ ಎನ್ನುವುದೇ ನಮಗೆಲ್ಲ ಒಂದು ಭಾಗ್ಯ.

ಬಿ.ಎಂ.ಶ್ರೀ. ಹುಟ್ಟಿದ್ದು 1884ರಲ್ಲಿ, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಮನೆತನ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಶ್ರೀರಂಗಪಟ್ಟಣ, ಮೈಸೂರುಗಳಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮದರಾಸಿನಲ್ಲಿ ಬಿ.ಎಲ್., ಎಂ.ಎ. ಮುಗಿಸಿ, 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಇಂಗ್ಲಿಷ್ ಮೇಷ್ಟರಾಗಿ ಸೇರಿದರು. ವಕೀಲಿಕೆಗೆ ಬೇಕಾದ ಪದವಿಯೂ ಕೈಯಲ್ಲಿತ್ತು. ಹಿಡಿದದ್ದು ಪಾಠ ಹೇಳುವ ಕೆಲಸವನ್ನು.

ಸೇರಿದ ಎರಡೇ ವರ್ಷಕ್ಕೆ, 1911ರಲ್ಲಿ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಅವರು ಮಾಡಿದ ಭಾಷಣ 'ಕನ್ನಡ ಮಾತು ತಲೆಯೆತ್ತುವ ಬಗೆ'. ಆಗ ಅವರಿಗೆ 27 ವರ್ಷ. ಈ ಭಾಷಣದ ತೂಕ ತಿಳಿಯಬೇಕಾದರೆ ಅಂದಿನ ನಾಡನ್ನು ನೆನೆಯಬೇಕು. ಮೈಸೂರು ಒಡೆಯರ ಸೀಮೆ, ಧಾರವಾಡ–ಬೆಳಗಾವಿ–ವಿಜಯಪುರ ಮುಂಬಯಿ ಪ್ರಾಂತ, ಮಂಗಳೂರು–ಬಳ್ಳಾರಿ ಮದರಾಸು ಪ್ರಾಂತ, ಕಲಬುರಗಿ–ರಾಯಚೂರು–ಬೀದರ್ ನಿಜಾಮನ ಆಳ್ವಿಕೆ, ಕೊಡಗು ಬೇರೆ. ಒಬ್ಬೊಬ್ಬ ಕನ್ನಡಿಗನಿಗೆ ಒಂದೊಂದು ಕಚೇರಿ ಭಾಷೆ. ಒಂದು ಕಡೆ ಮರಾಠಿ, ಒಂದು ಕಡೆ ಉರ್ದು, ಎಲ್ಲ ಕಡೆಯೂ ಮೇಲೆ ಇಂಗ್ಲಿಷ್. ನಕ್ಷೆಯಲ್ಲಿ ಕರ್ನಾಟಕವೇ ಇರಲಿಲ್ಲ. ನಾಡು ಕೈಗೆ ಬರುವ ಮೊದಲೇ ಆ ನಾಡಿಗೊಂದು ಸಾಹಿತ್ಯ ಬೇಕು ಎಂದು ಹೊರಟವರು ಇವರು.

ಭಾಷಣದ ತಿರುಳು ಇಷ್ಟು: ಹಳಗನ್ನಡ ದೊಡ್ಡದೇ, ಆದರೆ ಇವತ್ತಿನ ಜನಕ್ಕೆ ಅದು ದೂರವಾಗಿದೆ. ಜನ ಆಡುವ ಕನ್ನಡದಲ್ಲಿ, ಇವತ್ತಿನ ಬಾಳಿಗೆ ಒದಗುವ ಸಾಹಿತ್ಯ ಹುಟ್ಟಬೇಕು. ಹಿಂದೆ ಸಂಸ್ಕೃತದಿಂದ ಪಡೆದು ಬೆಳೆದ ಹಾಗೆ ಈಗ ಇಂಗ್ಲಿಷಿನಿಂದಲೂ ಪಡೆದು ಬೆಳೆಯಬೇಕು. ಮೈಸೂರಿನ ಮೇಷ್ಟರು ಮುಂಬಯಿ ಪ್ರಾಂತದ ಊರಿಗೆ ಹೋಗಿ ಈ ಮಾತು ಹೇಳಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಯಾರ ಕನ್ನಡ, ಎಲ್ಲಿಯ ಕನ್ನಡ ಎಂದು ಅವರು ಗೆರೆ ಎಳೆಯಲಿಲ್ಲ.

ಜನವರಿ 5, ಸೋಮವಾರ

ಇವತ್ತಿಗೆ ಅವರು ತೀರಿಕೊಂಡು 80 ವರ್ಷ. 1946ರ ಜನವರಿ 5, ಧಾರವಾಡದಲ್ಲಿ. ಸೆಂಟ್ರಲ್ ಕಾಲೇಜಿನಿಂದ 1942ರಲ್ಲಿ ನಿವೃತ್ತರಾದ ಮೇಲೆ ಸುಮ್ಮನೆ ಮನೆಯಲ್ಲಿ ಕೂರಬಹುದಿತ್ತು. 1944ರಲ್ಲಿ ಧಾರವಾಡದ ಕರ್ನಾಟಕ ಎಜುಕೇಶನ್ ಬೋರ್ಡಿನವರು ಹೊಸದಾಗಿ ತೆರೆದ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಬನ್ನಿ ಎಂದು ಕರೆದಾಗ ಹೊರಟೇಬಿಟ್ಟರು. ಅರವತ್ತು ದಾಟಿದ ವಯಸ್ಸಿನಲ್ಲಿ, ಇನ್ನೂ ಬೇರೂರದ ಒಂದು ಕಾಲೇಜಿಗೆ, ಪರ ಪ್ರಾಂತಕ್ಕೆ. ಅಲ್ಲಿ ಕೆಲಸದಲ್ಲಿರುವಾಗಲೇ ಕೊನೆಯುಸಿರೆಳೆದರು.

ಅವರು ಹೋದ ಹತ್ತು ವರ್ಷದ ಮೇಲೆ, 1956ರ ನವೆಂಬರ್ 1ರಂದು, ಕನ್ನಡನಾಡು ಒಂದಾಯಿತು. ಅದನ್ನು ನೋಡಲು ಅವರು ಇರಲಿಲ್ಲ. ಆದರೆ ಒಂದಾದ ನಾಡಿನ ಬೀದರಿನ ಹುಡುಗಿಯೂ ಮಡಿಕೇರಿಯ ಹುಡುಗನೂ ಶಾಲೆಯಲ್ಲಿ ಒಂದೇ ಪದ್ಯ ಓದಲು, ಅದನ್ನು ಇಬ್ಬರೂ ತಮ್ಮದೆಂದುಕೊಳ್ಳಲು ಬೇಕಾದ ಭಾಷೆ ಅಷ್ಟು ಹೊತ್ತಿಗೆ ಸಿದ್ಧವಾಗಿತ್ತು. ರಾಜಕೀಯದ ಏಕೀಕರಣಕ್ಕೆ ಆಲೂರು ವೆಂಕಟರಾಯರಂಥವರು ದುಡಿದರು. ಓದುವವರ ಮನಸ್ಸಿನ ಏಕೀಕರಣಕ್ಕೆ ದುಡಿದವರಲ್ಲಿ ಬಿ.ಎಂ.ಶ್ರೀ. ಮೊದಲ ಸಾಲಿನವರು. ಎರಡನ್ನೂ ಒಟ್ಟಿಗೆ ನೆನೆಯುವುದು ನ್ಯಾಯ.

ಜನವರಿ 8, ಗುರುವಾರ

ಬಿ.ಎಂ.ಶ್ರೀ. ಅವರ 'ಇಂಗ್ಲಿಷ್ ಗೀತಗಳು' ಮತ್ತೆ ಓದಿದೆ. 1926ರಲ್ಲಿ ಪುಸ್ತಕವಾಗಿ ಬಂದದ್ದು, ಈ ವರ್ಷಕ್ಕೆ ಸರಿಯಾಗಿ ನೂರು ತುಂಬುತ್ತಿದೆ. ಸುಮಾರು 60 ಇಂಗ್ಲಿಷ್ ಕವಿತೆಗಳ ಕನ್ನಡ ರೂಪ, ಜೊತೆಗೆ ಅವರ ಸ್ವಂತದ ಕೆಲವು.

ಹೆಚ್ಚಿನವನ್ನು ಆರಿಸಿದ್ದು ಪಾಲ್ಗ್ರೇವ್ ಎಂಬ ಇಂಗ್ಲಿಷಿನವರು 1861ರಲ್ಲಿ ಹೊರತಂದ 'ಗೋಲ್ಡನ್ ಟ್ರೆಷರಿ' ಎಂಬ ಸಂಕಲನದಿಂದ. ನಮ್ಮ ಕಾಲೇಜುಗಳಲ್ಲಿ ಬಹುಕಾಲ ಪಠ್ಯವಾಗಿದ್ದ ಪುಸ್ತಕ ಅದು. ತರಗತಿಯಲ್ಲಿ ವರ್ಷವರ್ಷವೂ ಅದನ್ನು ಪಾಠ ಹೇಳುತ್ತ, ಯಾವ ಪದ್ಯಕ್ಕೆ ಹುಡುಗರ ಕಣ್ಣು ಅರಳುತ್ತದೆ ಎಂದು ಕಂಡಿದ್ದ ಮೇಷ್ಟರು ಅವರು. ಹಾಗಾಗಿ ಇದು ಆಯ್ಕೆಯೊಳಗಿನ ಆಯ್ಕೆ. ಉಣ್ಣುವ ಕಾಳು ಬೇರೆ, ಬಿತ್ತನೆಗೆ ಎತ್ತಿಡುವ ಕಾಳು ಬೇರೆ ಎಂದು ರೈತರು ಬಲ್ಲರು. ಬಿ.ಎಂ.ಶ್ರೀ. ಬಿತ್ತನೆಯ ಕಾಳನ್ನೇ ಆರಿಸಿದರು.

ಹಳೆಯ ಕಾವ್ಯದಲ್ಲಿ ನಾಯಕನೆಂದರೆ ಅರಸ, ವೀರ, ಶರಣ, ದೇವತೆ. ಈ ಪುಸ್ತಕದ 'ದುಃಖಸೇತು'ವಿನಲ್ಲಿ ಬರುವವಳು ಯಾರು? ನೀರಿಗೆ ಬಿದ್ದು ಸತ್ತ, ಹೆಸರೂ ತಿಳಿಯದ, ಮನೆಯಿಲ್ಲದ ಒಬ್ಬ ಹೆಣ್ಣುಮಗಳು. ಥಾಮಸ್ ಹುಡ್ 1844ರಲ್ಲಿ ಲಂಡನ್ನಿನ ಬಡತನ ಕಂಡು ಬರೆದದ್ದು. ಇಂಥ ಒಬ್ಬಳಿಗೂ ಕವಿತೆಯಲ್ಲಿ ಜಾಗವಿದೆ, ಅವಳ ಬಗ್ಗೆ ಓದುಗ ತಲೆತಗ್ಗಿಸಬೇಕು ಎನ್ನುವುದನ್ನು ಆ ಕಾಲದ ಕನ್ನಡ ವಿದ್ಯಾರ್ಥಿಗೆ ತೋರಿಸಿಕೊಟ್ಟದ್ದು ಸಣ್ಣ ಕೆಲಸವಲ್ಲ. ಪ್ರೇಮ, ಸಾವು, ಮನೆ, ಮಗು, ಹಕ್ಕಿ, ಒಬ್ಬನೇ ಕೂತು ನೆನೆಯುವ ನೆನಪು – ಸಾಮಾನ್ಯನ ಬಾಳೆಲ್ಲ ಕವಿತೆಗೆ ತಕ್ಕುದು ಎನ್ನುವ ಧೈರ್ಯ ಹೊಸ ಕವಿಗಳಿಗೆ ಇಲ್ಲಿಂದ ಸಿಕ್ಕಿತು.

ಇನ್ನು ನಡೆ. ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಇಡಲೇಬೇಕೆಂಬುದು ಹಳೆಯ ಕಟ್ಟಳೆ. ಅದನ್ನು ಬಿಟ್ಟು ಬರೆಯುವ ಎದೆಗಾರಿಕೆಯನ್ನು ಮಂಜೇಶ್ವರದ ಗೋವಿಂದ ಪೈಗಳು 1911ರ ಹೊತ್ತಿಗೇ ತೋರಿಸಿದ್ದರು. ಬಿ.ಎಂ.ಶ್ರೀ. ಆ ಬಿಡುಗಡೆಯನ್ನು ಇಡೀ ಪುಸ್ತಕದುದ್ದಕ್ಕೂ ನಡೆಸಿ ತೋರಿಸಿದರು. ಮೂರು, ನಾಲ್ಕು, ಐದು ಮಾತ್ರೆಯ ಗಣಗಳನ್ನು ಕೂಡಿಸಿ, ಬೆರೆಸಿ, ಸಾಲನ್ನು ಉದ್ದ ಗಿಡ್ಡ ಮಾಡಿ, ಭಾವಕ್ಕೆ ತಕ್ಕ ಲಯ ಹುಡುಕಿದರು. ಅವರು ಹೊಸದಾಗಿ ಹೂಡಿದ ಆ ಲಯಗಳ ಬೇರು ನಮ್ಮ ಷಟ್ಪದಿ, ರಗಳೆ, ಹಾಡುಗಳಲ್ಲೇ ಇದೆ. ಕನ್ನಡ ಛಂದಸ್ಸಿನ ಚರಿತ್ರೆಯನ್ನು 'ಕನ್ನಡ ಕೈಪಿಡಿ'ಗೆ ಬರೆದುಕೊಟ್ಟವರೂ ಅವರೇ ಆದ್ದರಿಂದ ಯಾವ ಕಟ್ಟನ್ನು ಎಲ್ಲಿ ಸಡಿಲಿಸಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನವೋದಯದ ಕವಿಗಳು ಈ ಲಯಗಳ ಮೇಲೆಯೇ ನಡೆದರು.

ನ್ಯೂಮನ್ 1833ರಲ್ಲಿ ಸಮುದ್ರಯಾನದಲ್ಲಿದ್ದಾಗ ಬರೆದ ಪ್ರಾರ್ಥನಾಗೀತೆಯೊಂದು ಬಿ.ಎಂ.ಶ್ರೀ. ಕೈಯಲ್ಲಿ ಕನ್ನಡವಾಯಿತು. ಬೆಳಕಿಗೆ ಮೊರೆಯಿಡುವ ಆ ಹಾಡನ್ನು ನಮ್ಮ ಶಾಲೆಗಳಲ್ಲಿ, ಮನೆಗಳಲ್ಲಿ, ಸಭೆಗಳಲ್ಲಿ ತಲೆಮಾರುಗಳಿಂದ ಹಾಡುತ್ತಿದ್ದಾರೆ. ಅದು ಇಂಗ್ಲೆಂಡಿನ ಕ್ರೈಸ್ತ ಪಾದ್ರಿಯೊಬ್ಬರು ಬರೆದದ್ದೆಂದು ಹಾಡುವ ಎಷ್ಟೋ ಜನಕ್ಕೆ ತಿಳಿಯದು. ತಿಳಿದವರಿಗೂ ಅದು ಹೊರಗಿನದೆಂದು ಅನ್ನಿಸುವುದಿಲ್ಲ. ಅನುವಾದಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಜನವರಿ 11, ಭಾನುವಾರ

ಇವತ್ತಿನ ಪಾಠಕ್ಕೆ 'ಇಂಗ್ಲಿಷ್ ಗೀತಗಳು' ಪುಸ್ತಕದ 'ವಸಂತ' ತೆಗೆದುಕೊಂಡೆ. ಮೂಲ ಥಾಮಸ್ ನ್ಯಾಶ್ ಎಂಬ ಹದಿನಾರನೆಯ ಶತಮಾನದ ಕವಿಯದು, ಪಾಲ್ಗ್ರೇವನ ಸಂಕಲನ ತೆರೆಯುವುದೇ ಆ ಪದ್ಯದಿಂದ. ಹಕ್ಕಿಗಳ ಕೂಗನ್ನು ಪದ್ಯದೊಳಗೇ ಇಟ್ಟ ಹಾಡು. ಮೊದಲು ನಾನು ಓದಿದೆ. ಎರಡನೆಯ ಸಲ ಮಕ್ಕಳು ಚಪ್ಪಾಳೆಯಲ್ಲಿ ಲಯ ಹಿಡಿದರು. ಮೂರನೆಯ ಸಲಕ್ಕೆ ಅಕ್ಷರ ಸರಿಯಾಗಿ ಓದಲು ಬಾರದ ಪುಟ್ಟವರೂ ಹಕ್ಕಿಯ ಸಾಲು ಬಂದಾಗ ಒಟ್ಟಿಗೆ ಕೂಗಿದರು. ಜಯನಗರದ ಕಡೆ ಗುಲಾಬಿ ಬಣ್ಣದ ಟಬೆಬುಯಾ ಅರಳಲು ಶುರುವಾಗಿರುವುದನ್ನು ಶಾಲೆಯ ವ್ಯಾನಿನಿಂದ ನೋಡಿದ್ದೇನೆಂದು ಒಬ್ಬಳು ಹೇಳಿದಳು.

ಪದ್ಯ ಇಂಗ್ಲೆಂಡಿನದು ಎಂದಾಗ ಆರನೆಯ ತರಗತಿಯ ಹುಡುಗ ಕೈಯೆತ್ತಿದ. "ಮಿಸ್, ಹಾಗಾದ್ರೆ ಇದನ್ನ ಇಂಗ್ಲಿಷಲ್ಲೇ ಓದಬಹುದಲ್ವಾ?"

"ಓದು ಮಗ, ಖಂಡಿತ ಓದು. ಎರಡನ್ನೂ ಓದು. ಆಮೇಲೆ ನಿನ್ನ ಕೈಲಿ ಚಪ್ಪಾಳೆ ಹೊಡೆಸಿದ್ದು ಯಾವುದು ಅಂತ ನನಗೆ ಬಂದು ಹೇಳು," ಎಂದೆ. ಎರಡನ್ನೂ ಓದುವ ಮಕ್ಕಳೇ ನಮಗೆ ಬೇಕು. ಬಿ.ಎಂ.ಶ್ರೀ. ಅಂಥವರು. ಇಂಗ್ಲಿಷನ್ನು ಅವರು ಕನ್ನಡದ ಮೇಲೆ ಏರಿಸಲಿಲ್ಲ, ಕನ್ನಡದ ಹೆಸರಿನಲ್ಲಿ ಹೊರಗೆ ಅಟ್ಟಲೂ ಇಲ್ಲ. ಅದನ್ನು ಕನ್ನಡದ ಕೆಲಸಕ್ಕೆ ಹಚ್ಚಿದರು.

ಪಾಠ ಮುಗಿದ ಮೇಲೆ ಒಬ್ಬ ಹುಡುಗಿಯ ತಾಯಿ ನಿಂತು ಮಾತಾಡಿದರು. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಊರು ಕಲಬುರಗಿ. ಬಿ.ಎಂ.ಶ್ರೀ. 1928ರಲ್ಲಿ ಹದಿನಾಲ್ಕನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು, ಅದು ನಡೆದದ್ದು ನಿಮ್ಮೂರಿನಲ್ಲೇ ಎಂದೆ. ಅವರಿಗೆ ನಂಬಿಕೆಯೇ ಬರಲಿಲ್ಲ. "ನಿಜಾಮನ ಕಾಲ್ದಾಗ ನಮ್ಮೂರಾಗ ಕನ್ನಡ ಸಮ್ಮೇಳನ ಆಗಿತ್ತೇನ್ರೀ ಮೇಡಂ? 2020ರಾಗ ಆಗಿದ್ದು ಗೊತ್ತದ. ನಮ್ಮ ಮುತ್ತ್ಯಾ ಉರ್ದು ಸಾಲಿಯೊಳಗ ಕಲ್ತವ್ರು. ಕನ್ನಡ ಮನ್ಯಾಗಷ್ಟೇ ಇತ್ರೀ."

ಅವರ ಮಾತಿನಲ್ಲೇ ಇಡೀ ಚರಿತ್ರೆ ಇದೆ. ಕನ್ನಡ ಮನೆಯೊಳಗಷ್ಟೇ ಉಳಿದಿದ್ದ ಊರಿನಲ್ಲಿ, ಬೇರೆ ಭಾಷೆಯ ಆಡಳಿತದಡಿಯಲ್ಲಿ, ಮೈಸೂರಿನ ಈ ಮೇಷ್ಟರು ಕನ್ನಡದ ಸಭೆಯ ಅಧ್ಯಕ್ಷತೆ ವಹಿಸಿದರು. ಈಗ ಅದೇ ಊರಿನ ಮನೆತನದ ಹುಡುಗಿ ಬಿ.ಟಿ.ಎಂ. ಲೇಔಟಿನಲ್ಲಿ ಅವರ ಪದ್ಯ ಓದುತ್ತಿದ್ದಾಳೆ. ತಾಯಿ ಮಗಳ ಹತ್ತಿರ ಪದ್ಯ ಇನ್ನೊಮ್ಮೆ ಹೇಳಿಸಿ ಕೇಳಿದರು.

ಜನವರಿ 15, ಗುರುವಾರ – ಸಂಕ್ರಾಂತಿ

ಎಳ್ಳು ಬೀರಲು ಬನಶಂಕರಿಗೆ ತಮ್ಮನ ಮನೆಗೆ ಹೋಗಿದ್ದೆ. ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬು ಎಲ್ಲ ಆಯಿತು. ಊಟದ ಮೇಲೆ ಪದ್ಯಸಂಗ್ರಹದ ಮಾತು ಬಂತು. ತಮ್ಮ ಬ್ಯಾಂಕಿನಲ್ಲಿದ್ದವನಾದರೂ ಓದುಗ, ಅವನ ಆಕ್ಷೇಪಗಳಿಗೆ ಬೆಲೆಯಿದೆ.

"ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಪಂಪ, ರನ್ನ, ಕುಮಾರವ್ಯಾಸ ಇದ್ದ ನಾಡು ಇದು. ಶೆಲ್ಲಿ, ವರ್ಡ್ಸ್‌ವರ್ತ್ ಬಂದು ನಮಗೆ ದಾರಿ ತೋರಿಸಬೇಕಿತ್ತಾ?"

ಇದು ಹೊಸ ಪ್ರಶ್ನೆಯಲ್ಲ, ನವೋದಯದ ಮೇಲೆ ಮೊದಲಿಂದ ಇರುವ ದೂರು. ನಾನು ಹೇಳಿದೆ: "ಅದೇ 1926ರ ಹೊತ್ತಿಗೆ ಅವರು ರನ್ನನ ಕಾವ್ಯದಿಂದ 'ಗದಾಯುದ್ಧ ನಾಟಕಂ' ಮಾಡಿಕೊಟ್ರಪ್ಪ. ಹತ್ತನೇ ಶತಮಾನದ ಕಾವ್ಯ, ಪಂಡಿತರ ಕೈಯಲ್ಲೇ ಉಳಿದಿತ್ತು. ಅದನ್ನ ರಂಗದ ಮೇಲೆ ತಂದು ದುರ್ಯೋಧನನ ಅಭಿಮಾನ, ಅವನ ದುಃಖ ಹುಡುಗರಿಗೆ ಕೇಳಿಸೋ ಹಾಗೆ ಮಾಡಿದ್ರು. ಗ್ರೀಕಿನ ಸೊಫೊಕ್ಲಿಸ್‌ನ ಅಜಾಕ್ಸ್ ನಾಟಕ ಓದಿದಾಗ ಅವರಿಗೆ ನೆನಪಾದದ್ದು ನಮ್ಮ ಅಶ್ವತ್ಥಾಮ. ಅದರಿಂದ 'ಅಶ್ವತ್ಥಾಮನ್' ಬಂತು. ಈಸ್ಕಿಲಸ್‌ನಿಂದ 'ಪಾರಸಿಕರು' ಬಂತು. ಒಂದು ಕೈ ಗ್ರೀಸಿನಲ್ಲಿ, ಒಂದು ಕೈ ರನ್ನನಲ್ಲಿ. ಇದನ್ನ ಅನುಕರಣೆ ಅಂತ ಹೇಗೆ ಹೇಳ್ತೀಯ?"

1930ರ ದಶಕದಲ್ಲಿ ಅವರು ಸಂಪಾದಿಸಿದ 'ಕನ್ನಡ ಬಾವುಟ'ದ ವಿಷಯವನ್ನೂ ಹೇಳಿದೆ. ಹಳೆಯ ಕಾಲದಿಂದ ತಮ್ಮ ಕಾಲದವರೆಗಿನ ಕನ್ನಡ ಪದ್ಯಗಳನ್ನು ಆರಿಸಿ ಒಂದೆಡೆ ಇಟ್ಟ ಸಂಕಲನ. ಇಂಗ್ಲಿಷಿನಿಂದ ಆರಿಸಿ ತಂದ ಕೈಯೇ ಕನ್ನಡದ ಒಳಗಿನಿಂದಲೂ ಆರಿಸಿ ಕೊಟ್ಟಿತು. ಹೊಸ ಓದುಗನಿಗೆ ನಿನ್ನ ಹಿಂದೆ ಇಷ್ಟು ದೊಡ್ಡ ಮನೆತನ ಇದೆ ಎಂದು ತೋರಿಸುವುದೂ ಅಷ್ಟೇ ಮುಖ್ಯ ಎಂದು ಅವರಿಗೆ ಗೊತ್ತಿತ್ತು.

ತಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. "ಸರಿ, ಒಪ್ಪಿದೆ. ಆದ್ರೆ ವಚನ ಎಲ್ಲಿ, ಜನಪದ ಎಲ್ಲಿ? ಕಾಲೇಜಿಗೆ ಹೋಗದವರ ಕನ್ನಡ ಎಲ್ಲಿ?"

ಈ ಪ್ರಶ್ನೆ ಗಟ್ಟಿಯಾದದ್ದು. ಅದಕ್ಕೆ ಉತ್ತರ ಬಿ.ಎಂ.ಶ್ರೀ. ಒಬ್ಬರಲ್ಲೇ ಹುಡುಕಬಾರದು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಡೋಲೆ ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. ವಚನ ಅಚ್ಚು ಹಾಕಲು ತಾವೇ ಮುದ್ರಣಾಲಯ ಇಟ್ಟರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರುಮಾಡಿದರು. ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಹತ್ತು ವರ್ಷದೊಳಗೆ ಮೂರು ಕಡೆಯಿಂದ ಮೂರು ಸಂಗ್ರಹ: ಹೊರಗಿನಿಂದ ತಂದದ್ದು, ಓಲೆಗರಿಯಿಂದ ತೆಗೆದದ್ದು, ಬೀಸುವ ಕಲ್ಲಿನ ಮುಂದೆ ಕೇಳಿಸಿಕೊಂಡದ್ದು. ಹೊಸಗನ್ನಡ ಈ ಮೂರರಿಂದಲೂ ಬೆಳೆಯಿತು. ಬೇಂದ್ರೆಯವರ ಕಾವ್ಯ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಹಾಗಿದ್ರೆ ನಿನ್ನ ಪುಸ್ತಕದಲ್ಲಿ ಮೂರೂ ಇರಲಿ ಅಕ್ಕ," ಎಂದ ತಮ್ಮ. ಇರುತ್ತವೆ.

ಜನವರಿ 20, ಮಂಗಳವಾರ

ಬಿ.ಎಂ.ಶ್ರೀ. ಅವರನ್ನು ನಾವು ಕವಿ, ಅನುವಾದಕ ಎಂದು ಹೊಗಳಿ ಮುಗಿಸಿಬಿಡುತ್ತೇವೆ. ಅವರು ಕಚೇರಿಯ ಕಾಗದಪತ್ರಗಳಲ್ಲಿ ಮಾಡಿದ ಕೆಲಸ ಯಾರ ನೆನಪಿಗೂ ಬರುವುದಿಲ್ಲ. ಅದು ಕವಿತೆಗಿಂತ ಕಡಿಮೆಯದಲ್ಲ.

ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲೇ ಹುಟ್ಟಿದ್ದರೂ ಕನ್ನಡದಲ್ಲಿ ಎಂ.ಎ. ಮಾಡಲು ಹುಡುಗರು 1927ರವರೆಗೆ ಕಾಯಬೇಕಾಯಿತು. ಆ ತರಗತಿ ಬಂದ ಹೊತ್ತಿನಲ್ಲಿ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದವರು ಬಿ.ಎಂ.ಶ್ರೀ., 1926ರಿಂದ 1930ರವರೆಗೆ. ತರಗತಿ ಬೇಕೆಂದು ಪಟ್ಟು ಹಿಡಿದದ್ದೂ, ತಾವೇ ನಿಂತು ಪಾಠ ಹೇಳಿದ್ದೂ ಅವರೇ. ಟಿ.ಎಸ್. ವೆಂಕಣ್ಣಯ್ಯನವರು ಮೊದಲ ಕನ್ನಡ ಪ್ರಾಧ್ಯಾಪಕರಾದರು. ಮೊದಮೊದಲ ವಿದ್ಯಾರ್ಥಿಗಳಲ್ಲಿ ಕುವೆಂಪು, ಡಿ.ಎಲ್. ನರಸಿಂಹಾಚಾರ್ ಇದ್ದರು. ಒಬ್ಬರು ಮಹಾಕವಿಯಾದರು, ಇನ್ನೊಬ್ಬರು ಹಳಗನ್ನಡ ಗ್ರಂಥಸಂಪಾದನೆಗೆ ಶಾಸ್ತ್ರದ ಬುನಾದಿ ಹಾಕಿದರು. ಒಂದು ತರಗತಿ ತೆರೆದರೆ ಏನಾಗುತ್ತದೆ ಎನ್ನುವುದಕ್ಕೆ ಇಷ್ಟು ಸಾಕು.

1930ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಇಂಗ್ಲಿಷ್ ಪ್ರಾಧ್ಯಾಪಕರಾಗಿ ಬಂದರು. ಅದು ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿ, 1919ರಲ್ಲಿ 'ಪ್ರಬುದ್ಧ ಕರ್ಣಾಟಕ' ಶುರುಮಾಡಿದ್ದ ಕಾಲೇಜು. 1938ರಿಂದ 1942ರವರೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದಾಗ ಪರಿಷತ್ತಿಗೆ ಅಚ್ಚುಕೂಟ, 'ಕನ್ನಡ ನುಡಿ' ಪತ್ರಿಕೆ, ಮಹಿಳಾ ಶಾಖೆ, ಕನ್ನಡ ಪರೀಕ್ಷೆಗಳು ಬಂದವು. ಕಾಲೇಜಿನ ಮೆಟ್ಟಿಲು ಹತ್ತದವರೂ ಓದಿ ಪರೀಕ್ಷೆ ಕಟ್ಟಬಹುದಿತ್ತು. 1941ರಲ್ಲಿ ಶಿಷ್ಯರೂ ಗೆಳೆಯರೂ ಸೇರಿ 'ಸಂಭಾವನೆ' ಎಂಬ ಗ್ರಂಥ ಅರ್ಪಿಸಿದರು. ಅವರನ್ನು 'ಕನ್ನಡದ ಕಣ್ವ' ಎಂದು ಕರೆಯುವುದು ಸುಮ್ಮನೆ ಅಲ್ಲ.

ಬಿ.ಎಂ.ಶ್ರೀ. ಅವರಿಂದ ಹೊರಟ ಗುರುಶಿಷ್ಯರ ಸಾಲು ನಮ್ಮ ಬನಶಂಕರಿಯ ತನಕ ಬಂದಿದೆ. ಬಿ.ಎಂ.ಶ್ರೀ. ತೆರೆಸಿದ ತರಗತಿಯಲ್ಲಿ ವೆಂಕಣ್ಣಯ್ಯನವರ ಶಿಷ್ಯರಾಗಿ ಕುವೆಂಪು. 'ಶ್ರೀ ರಾಮಾಯಣ ದರ್ಶನಂ' ಅರ್ಪಿತವಾಗಿರುವುದು ಆ ಗುರುವಿಗೇ. ಕುವೆಂಪು ಶಿಷ್ಯರಾಗಿ ಜಿ.ಎಸ್. ಶಿವರುದ್ರಪ್ಪ, ಶಿಕಾರಿಪುರ ತಾಲ್ಲೂಕಿನ ಈಸೂರಿನವರು. ಜಿ.ಎಸ್.ಎಸ್. 1966ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಬಂದು, ಕನ್ನಡ ವಿಭಾಗವನ್ನು ಕನ್ನಡ ಅಧ್ಯಯನ ಕೇಂದ್ರವಾಗಿ ಬೆಳೆಸಿದರು. ಸಂಪುಟ ಸಂಪುಟವಾಗಿ 'ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆ' ಬರೆಸಿದರು, ಆಯಾ ವರ್ಷದ ಸಾಹಿತ್ಯ ಸಮೀಕ್ಷಿಸುವ 'ಸಾಹಿತ್ಯ ವಾರ್ಷಿಕ' ತಂದರು. ಅವರ ಕಾಲದಲ್ಲಿ ಆ ಕೇಂದ್ರದಲ್ಲಿ ಓದಿ ಬೆಳೆದವರು ಸಿದ್ಧಲಿಂಗಯ್ಯ, ಡಿ.ಆರ್. ನಾಗರಾಜ್. ಗೋವಿಂದ ಪೈ, ಕುವೆಂಪು ಅವರ ನಂತರ ರಾಷ್ಟ್ರಕವಿ ಎನ್ನಿಸಿಕೊಂಡವರು ಜಿ.ಎಸ್.ಎಸ್., 2006ರಲ್ಲಿ. 2013ರ ಡಿಸೆಂಬರ್ 23ರಂದು ಬನಶಂಕರಿಯ ಮನೆಯಲ್ಲಿ ತೀರಿಕೊಂಡರು.

ಇಂಗ್ಲಿಷ್ ಮೇಷ್ಟರೊಬ್ಬರು ಕನ್ನಡಕ್ಕೊಂದು ತರಗತಿ ಬೇಕೆಂದರು. ಆ ತರಗತಿಯ ಸಾಲಿನಲ್ಲಿ ಮುಂದೆ ದಲಿತ ಕಾವ್ಯದ ಮೊದಲ ದನಿಯಾದ ಸಿದ್ಧಲಿಂಗಯ್ಯ ಬಂದರು. ತಮ್ಮ ಕೇಳಿದ ಎರಡನೆಯ ಪ್ರಶ್ನೆಗೆ ಕಾಲವೂ ಒಂದು ಉತ್ತರ ಕೊಟ್ಟಿದೆ. ಬಾಗಿಲು ತೆರೆದವರು ಒಳಗೆ ಯಾರು ಯಾರು ಬರುತ್ತಾರೆ ಎಂದು ಮೊದಲೇ ಕಾಣಲಾರರು. ತೆರೆದು ಇಡುವುದು ಅವರ ಕೆಲಸ.

ಜನವರಿ 25, ಭಾನುವಾರ

ಪಟ್ಟಿ ಮುಗಿಯಿತು. ಪಂಜೆ ಮಂಗೇಶರಾಯರದು, ಜಿ.ಪಿ. ರಾಜರತ್ನಂ ಅವರದು ಚಿಕ್ಕವರಿಗೆ. ಆಮೇಲೆ ಬಸವಣ್ಣ, ಅಕ್ಕಮಹಾದೇವಿಯರ ವಚನ, ಪುರಂದರದಾಸರ ಪದ, ಗರತಿಯ ತ್ರಿಪದಿಗಳು. ಕುಮಾರವ್ಯಾಸನದು ಒಂದೆರಡು ಷಟ್ಪದಿ, ಅರ್ಥ ಪಕ್ಕದಲ್ಲೇ. ಬಿ.ಎಂ.ಶ್ರೀ. ಅವರದು ಎರಡು. ಕುವೆಂಪು, ಬೇಂದ್ರೆ, ಕೆ.ಎಸ್.ನ., ಜಿ.ಎಸ್.ಎಸ್., ನಿಸಾರ್ ಅಹಮದ್, ಸಿದ್ಧಲಿಂಗಯ್ಯ, ವೈದೇಹಿ, ಎಚ್.ಎಸ್. ವೆಂಕಟೇಶಮೂರ್ತಿ. ಪ್ರತಿಯೊಂದನ್ನೂ ಜೋರಾಗಿ ಓದಿ ನೋಡಿದ್ದೇನೆ. ಬಾಯಿಗೆ ಬಾರದ್ದನ್ನು ಈ ಸಲಕ್ಕೆ ಬಿಟ್ಟಿದ್ದೇನೆ, ಎಷ್ಟೇ ದೊಡ್ಡದಾಗಿದ್ದರೂ.

ಈ ತಿಂಗಳ ಓದಿನಿಂದ ಒಂದು ಮಾತು ನನಗೆ ಗಟ್ಟಿಯಾಗಿದೆ. ಸಾಹಿತ್ಯ ತಾನಾಗಿ ತಲೆಮಾರು ದಾಟುವುದಿಲ್ಲ. ಅದಕ್ಕೆ ಆರಿಸುವವರು ಬೇಕು, ಅಚ್ಚು ಹಾಕುವವರು ಬೇಕು, ತರಗತಿ ತೆರೆಸಲು ಅರ್ಜಿ ಬರೆದು ಬೆನ್ನು ಹತ್ತುವವರು ಬೇಕು, ಎದುರಿಗೆ ಕೂತ ಹುಡುಗನಿಗೆ ಓದಿ ಹೇಳುವವರು ಬೇಕು. ಬಿ.ಎಂ.ಶ್ರೀ. ಈ ನಾಲ್ಕನ್ನೂ ಒಬ್ಬರೇ ಮಾಡಿದರು. ಅವರ ಸ್ವಂತ ಕವಿತೆಗಳು ಸಂಖ್ಯೆಯಲ್ಲಿ ಕಡಿಮೆ, 'ಹೊಂಗನಸುಗಳು' ಒಂದು ಪುಟ್ಟ ಪುಸ್ತಕ. ತಾವು ಬರೆಯಬಹುದಾಗಿದ್ದ ಕವಿತೆಗಳ ಕಾಲವನ್ನು ಬೇರೆಯವರು ಕವಿತೆ ಬರೆಯುವ ಹಾಗೆ ಮಾಡಲು ಕೊಟ್ಟರು. ಹೊಸಗನ್ನಡದ ದೊಡ್ಡವರ ಸಾಲಿನಲ್ಲಿ ಅವರಿಗೆ ಮೊದಲ ಸ್ಥಾನ ಸಲ್ಲಬೇಕಾದದ್ದು ಈ ತ್ಯಾಗಕ್ಕೆ.

'ಇಂಗ್ಲಿಷ್ ಗೀತಗಳು' ನೂರು ತುಂಬುವ ಈ ವರ್ಷ ಸಭೆ ಮಾಡುವವರು ಮಾಡಲಿ. ಕನ್ನಡ ಉಳಿಯಬೇಕೆನ್ನುವ ಪ್ರತಿಯೊಬ್ಬ ಮೇಷ್ಟರೂ, ಪ್ರತಿಯೊಬ್ಬ ತಾಯಿತಂದೆಯೂ ಇನ್ನೊಂದು ಕೆಲಸವನ್ನೂ ಮಾಡಲಿ: ಒಂದು ಮಗುವಿಗೆ ಒಂದು ಒಳ್ಳೆಯ ಪದ್ಯವನ್ನು ತಾವೇ ಆರಿಸಿ, ಪಕ್ಕದಲ್ಲಿ ಕೂತು, ಗಟ್ಟಿಯಾಗಿ ಓದಿ ಕೇಳಿಸಲಿ.